ಬಾಲಮ್ಮ ಕರೆದ ಹೆಸರು

"ನಿಲ್ರೀ! ಒಂದು ಹನಿ ಸುದ್ದಾ ಹಾಕಬ್ಯಾಡ್ರಿ!"

ಚಪ್ಪಲಿ ಬಿಡುವುದನ್ನೂ ಮರೆತು ದೇವಿಕಾ ಹೊಸ್ತಿಲು ದಾಟಿ ಒಳಗೆ ಓಡಿದಳು. ಹೆಗಲ ಚೀಲ ಬಾಗಿಲಿಗೆ ಬಡಿದು ಕೆಳಗೆ ಬಿತ್ತು. ಎತ್ತಿಕೊಳ್ಳಲು ನಿಲ್ಲಲಿಲ್ಲ.

ಮಂಚದ ಮೇಲೆ ಒಬ್ಬ ಹೆಂಗಸು ಅಂಗಾತ ಮಲಗಿದ್ದಳು. ಯುವಕನೊಬ್ಬ ಅವಳ ಗದ್ದ ಎತ್ತಿ ಹಿಡಿದು, ಲೋಟದಿಂದ ಗಂಜಿ ಹೊಯ್ಯುತ್ತಿದ್ದ. ಅರ್ಧ ಗಂಜಿ ಸೊಟ್ಟಗಾದ ತುಟಿಯ ಬಲಗಡೆಯಿಂದ ಕುತ್ತಿಗೆಗೆ ಇಳಿದಿತ್ತು. ಉಳಿದರ್ಧ…

ಗಂಟಲಲ್ಲಿ ಗೊರಗೊರ ಸದ್ದು!

ದೇವಿಕಾ ಅವನ ಮುಂಗೈ ಹಿಡಿದು ಎಳೆದಳು. ಲೋಟ ನೆಲಕ್ಕೆ ಬಿತ್ತು.

"ಯಾರ್ರೀ ನೀವು? ನಮ್ಮವ್ವ ಮುಂಜಾನಿಂದ ಏನೂ ತಿಂದಿಲ್ಲ!"

"ತಿಂದಿಲ್ಲಂತ ಹಿಂಗ ಕೊಲ್ಲತೀರೇನು? ಹಿಡೀರಿ ಬೆನ್ನು! ಎಬ್ಬಸ್ರಿ!"

ಇಬ್ಬರೂ ಸೇರಿ ಆ ಹೆಂಗಸನ್ನು ಕೂರಿಸಿದರು. ದೇವಿಕಾ ಅವಳ ತಲೆ ಮುಂದಕ್ಕೆ ಬಾಗಿಸಿ, ಬೆರಳಿಗೆ ಬಟ್ಟೆ ಸುತ್ತಿ ಬಾಯೊಳಗಿನ ಗಂಜಿ ತೆಗೆದಳು. ಒಂದು ಕೆಮ್ಮು… ಮತ್ತೊಂದು… ಮುಖ ಕೆಂಪಗಾಯಿತು, ಕಣ್ಣು ತೇಲಿದವು. ಯುವಕನ ಕೈ ನಡುಗುತ್ತಿರುವುದು ದೇವಿಕಾಳಿಗೆ ಗೊತ್ತಾಗುತ್ತಿತ್ತು.

ಕೊನೆಗೂ ಉಸಿರು ಸರಾಗವಾಯಿತು.

ಆಗ ದೇವಿಕಾಳ ಸಿಟ್ಟು ಹೊರಬಿತ್ತು. ಗೋಡೆಯ ಗೂಟಕ್ಕೆ ತೂಗುಹಾಕಿದ್ದ, ಕುರಿಗಳಿಗೆ ಔಷಧ ಕುಡಿಸುವ ಬಿದಿರಿನ ಗೊಟ್ಟ ಅವಳ ಕಣ್ಣಿಗೆ ಬಿದ್ದಿತ್ತು.

"ಇದು ಕುರಿ ಬಾಯಿಗೆ ಗೊಟ್ಟ ಹಾಕಿದಂಗಲ್ಲ! ಲಕ್ವಾ ಹೊಡದವ್ರಿಗೆ ಗಂಟಲೂ ಸೋತಿರತೈತಿ. ಮಲಗಿಸಿ ಹೊಯ್ದ್ರ ಗಂಜಿ ಹೊಟ್ಟಿಗೆ ಹೋಗಂಗಿಲ್ಲ, ಎದಿಗೆ ಹೋಗತೈತಿ. ದವಾಖಾನ್ಯಾಗ ಯಾರೂ ಹೇಳಲಿಲ್ಲೇನು?"

ಅವನು ನೆಲದ ಮೇಲೆ ಚೆಲ್ಲಿದ್ದ ಗಂಜಿಯನ್ನು ನೋಡುತ್ತ ನಿಂತಿದ್ದ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ.

"ಹೇಳಿರಬೇಕ್ರಿ. ನಂಗೇನೂ ಕೇಳಿಸ್ಲಿಲ್ಲ ಆವತ್ತು."

ದೇವಿಕಾ ಬಗ್ಗಿ, ಬಿದ್ದಿದ್ದ ಲೋಟ ಎತ್ತಿಟ್ಟಳು. ಅಯ್ಯೋ… ನಾನು ಇಷ್ಟು ಕಟುವಾಗಿ ಅನ್ನಬಾರದಿತ್ತು!

ಅವನ ಹೆಸರು ಬೀರೇಶ. ಮಕ್ತಲದ ಪಶು ಆಸ್ಪತ್ರೆಯಲ್ಲಿ ಸಹಾಯಕ. ಊರೂರು ತಿರುಗಿ ಕುರಿಗಳಿಗೆ ಸೂಜಿ ಹಾಕುವುದು, ಔಷಧ ಕುಡಿಸುವುದು ಅವನ ಕೆಲಸ. ತಂದೆ ಕುರುಮಯ್ಯ ತೀರಿಕೊಂಡು ಎಂಟು ವರ್ಷ. ನರ್ವ ರಸ್ತೆಯ ಕಡೆಗಿದ್ದ ಆ ಮನೆಯಲ್ಲಿ ಈಗ ಅವನು ಮತ್ತು ಅವನ ತಾಯಿ ಬಾಲಮ್ಮ ಮಾತ್ರ. ಬಾಲಮ್ಮನಿಗೆ ಐವತ್ತಾರು. ಹದಿನೈದು ದಿನದ ಹಿಂದೆ ಹಿತ್ತಲಲ್ಲಿ ಕುಸಿದು ಬಿದ್ದಿದ್ದಳು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ಮಾತು ಹೋಗಿತ್ತು. ಆಸ್ಪತ್ರೆಯವರು ಜೀವ ಉಳಿಸಿ, ಗುಳಿಗೆಯ ಚೀಟಿ ಕೊಟ್ಟು, ಮನೆಗೆ ಕಳಿಸಿದ್ದರು.

ಮನೆಗೆ ಬಂದಮೇಲೆ ಏನು ಮಾಡಬೇಕು? ಅದನ್ನು ಹೇಳಿಕೊಡುವುದೇ ದೇವಿಕಾಳ ಕೆಲಸವಾಗಿತ್ತು.

ನಾರಾಯಣಪೇಟ ಹೊಸ ಜಿಲ್ಲೆಯಾದ ವರ್ಷವದು. ಅಲ್ಲಿನ ಡಾಕ್ಟರ್ ಗುರುರಾಜ, ಆಸ್ಪತ್ರೆಯಿಂದ ಮನೆಗೆ ಮರಳಿದ ಲಕ್ವಾ ರೋಗಿಗಳಿಗಾಗಿ ಐದು ಮಂದಿ ನರ್ಸುಗಳ ತಂಡ ಕಟ್ಟಿದ್ದರು. ಮಕ್ತಲ, ನರ್ವ, ಮರಿಕಲ್ ಸುತ್ತು ದೇವಿಕಾಳದು. ಸ್ಕೂಟಿ, ಚೀಲ, ಬಿಪಿ ನೋಡುವ ಯಂತ್ರ, ಮತ್ತು ಯಾರಿಗೂ ತೋರಿಸದ ಒಂದು ಭಯ… ಇಷ್ಟು ಹೊತ್ತು ಅವಳು ದಿನವೂ ತಿರುಗುತ್ತಿದ್ದಳು.

ಆ ದಿನ ಅವಳು ಬೀರೇಶನಿಗೆ ಎಲ್ಲವನ್ನೂ ಕಲಿಸಿದಳು. ಕೂರಿಸಿಯೇ ಉಣಿಸಬೇಕು. ಗಂಜಿ ಗಟ್ಟಿಯಾಗಿರಬೇಕು, ಸಣ್ಣ ಚಮಚೆಯಲ್ಲಿ ಕೊಡಬೇಕು. ಗದ್ದ ಎದೆಯ ಕಡೆ ಬಾಗಿರಬೇಕು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಸೋತ ಕೈಯನ್ನು ಹಿಡಿದು ಎಳೆಯಲೇಬಾರದು, ಭುಜದ ಕೀಲು ಜಾರುತ್ತದೆ.

ಅವನು ಪ್ರತಿಯೊಂದನ್ನೂ ಎರಡೆರಡು ಸಲ ಕೇಳಿದ. ಸುಣ್ಣದ ಗೋಡೆಯ ಮೇಲೆ ಇದ್ದಿಲಿನಿಂದ ಬರೆದುಕೊಂಡ.

ಹೊರಡುವಾಗ ದೇವಿಕಾ ಇನ್ನೊಂದು ಮಾತು ಹೇಳಿದಳು.

"ನೋಡ್ರಿ, ಅವ್ವ ಏನು ಕೇಳಿದ್ರೂ ಹೂಂ ಅಂತಾರ. ಅದನ್ನ ನಂಬಬ್ಯಾಡ್ರಿ. ಈ ಕಾಯಿಲ್ಯಾಗ ಹೌದಿಗೂ ಹೂಂ ಬರತೈತಿ, ಅಲ್ಲ ಅನ್ನಾಕೂ ಹೂಂ ಬರತೈತಿ. ನೀರು ಬೇಕಂದ್ರ ನೀರು ತೋರಿಸಿ ಕೇಳ್ರಿ."

ಅಷ್ಟರಲ್ಲಿ ಮಂಚದ ಮೇಲಿಂದ ಒಂದು ತೊದಲು ದನಿ ಬಂತು.

"ಅಖಿ… ಅಖಿಲಾ…"

ದೇವಿಕಾ ಖುಷಿಯಿಂದ ತಿರುಗಿದಳು. "ಅರೆ! ಮಾತು ಬರತೈತಲ್ಲ! ಯಾರ್ರೀ ಅಖಿಲಾ ಅಂದ್ರ?"

ಬೀರೇಶನ ಮುಖದ ರಕ್ತ ಇಳಿದುಹೋಯಿತು.

"ಅದು… ನಮ್ಮಾಕಿ… ಗದ್ವಾಲದಾಗ ಅದಾಳ," ಎಂದವನೇ ಕೊಡ ತೆಗೆದುಕೊಂಡು ಹೊರಗೆ ಹೋದ.

* * *

ದಿನಗಳು ಆತಂಕದಲ್ಲೇ ಉರುಳಿದವು.

ಬೀರೇಶ ಫೋನು ಮಾಡದ ದಿನವೇ ಇರಲಿಲ್ಲ.

"ಸಿಸ್ಟರ್, ಅವ್ವ ಜಾಸ್ತಿ ನಿದ್ದಿ ಮಾಡಾಕತ್ತಾಳ… ಏನೂ ಆಗಿಲ್ಲ ಅಲ್ರೀ?"

"ಎಬ್ಬಿಸಿದ್ರ ಏಳತಾರೇನು?"

"ಎದ್ದು ನನ್ನ ದಿಟ್ಟಿಸಿ ನೋಡಿದ್ಲು."

"ಸಿಟ್ಟು ಬಂದಿರಬೇಕು. ಮಲಗಾಕ ಬಿಡ್ರಿ."

ಇನ್ನೊಂದು ಮಧ್ಯಾಹ್ನ… "ಸಿಸ್ಟರ್, ಕೈ ತಣ್ಣಗಾಗೈತಿ!"

"ಎರಡೂ ಕೈಯೋ, ಒಂದೋ?"

"ಎರಡೂ."

"ಕಿಟಕಿ ತೆರೆದೈತೇನು?"

"…ಹೂಂ."

"ಮುಚ್ಚರಿ."

ಫೋನಿಟ್ಟ ಮೇಲೆ ದೇವಿಕಾ ಒಬ್ಬಳೇ ನಗುತ್ತಿದ್ದಳು. ಮರುಕ್ಷಣವೇ ಆ ನಗು ಅವಳನ್ನು ಬೆಚ್ಚಿಸುತ್ತಿತ್ತು. ಬೇರೆ ಯಾರ ಫೋನಿಗೂ ನಾನು ಹೀಗೆ ನಗುವುದಿಲ್ಲವಲ್ಲ…

ಬಾಲಮ್ಮ ನಿಧಾನಕ್ಕೆ ಚೇತರಿಸಿಕೊಳ್ಳುತ್ತಿದ್ದಳು. ಮೂರನೇ ವಾರ ಆಸರೆಯಿಲ್ಲದೆ ಕೂತಳು. ಐದನೇ ವಾರ ಕಿಟಕಿಯ ಸರಳು ಹಿಡಿದು ನಿಂತಳು. ಬಲಗೈ ಮಾತ್ರ ಮೊಂಡು. ಚೆಂಡು ಕೊಟ್ಟರೆ ಎಸೆಯುತ್ತಿದ್ದಳು. ಒಂದು ದಿನ ದೇವಿಕಾ ಮೂಲೆಯ ಮೂಟೆಯಿಂದ ಒಂದು ಹಿಡಿ ಕುರಿ ಉಣ್ಣೆ ತೆಗೆದು ಅವಳ ಮಡಿಲಿಗಿಟ್ಟಳು.

"ಅವ್ವಾ, ನಮ್ಮವ್ವನೂ ಉಣ್ಣಿ ಹಿಂಜತಾಳ. ನಂಗ ಸರಿಯಾಗಿ ಬರಂಗಿಲ್ಲ. ತೋರಸ್ರಿ ನೋಡೂಣು."

ಬಾಲಮ್ಮ ಉಣ್ಣೆಯನ್ನು ಮೂಸಿದಳು. ಎಡಗೈಯಿಂದ ಬಲಗೈಯನ್ನು ಎತ್ತಿ ಅದರ ಮೇಲಿಟ್ಟಳು. ಎಳೆದಳು. ಸತ್ತಂತಿದ್ದ ಎರಡು ಬೆರಳು ಉಣ್ಣೆಯ ಎಳೆಯನ್ನು ಹಿಡಿದುಕೊಂಡವು!

ಬಾಗಿಲಲ್ಲಿ ನಿಂತಿದ್ದ ಬೀರೇಶ ಗೋಡೆಯ ಕಡೆ ತಿರುಗಿದ. ಅವನ ಹೆಗಲು ಅದುರುತ್ತಿತ್ತು.

ಆ ದಿನ ಅವನು ಚಹಾ ಮಾಡಿ ತಂದುಕೊಟ್ಟ. ಅಂಗಳದ ಕಟ್ಟೆಯ ಮೇಲೆ ದೇವಿಕಾ ಕೂತಿದ್ದಳು, ಅವನು ನಾಲ್ಕು ಮಾರು ದೂರ ನಿಂತಿದ್ದ.

"ಒಂದು ಮಾತು ಕೇಳಲೇನ್ರೀ ಸಿಸ್ಟರ್? ಅವ್ವಗ ಉಣಿಸೋವಾಗ ನಿಮ್ಮ ಮುಖ ಬಿಳಿಚಿಕೋತೈತಿ. ಉಳದದ್ದಕ್ಕೆಲ್ಲ ನಿಮಗ ಅಂಜಿಕಿ ಇಲ್ಲ. ಅದಕ್ಕಷ್ಟ ಯಾಕ?"

ಯಾರೂ ಕೇಳದ ಪ್ರಶ್ನೆ. ದೇವಿಕಾ ಲೋಟವನ್ನು ಕಟ್ಟೆಯ ಮೇಲಿಟ್ಟಳು.

"ಮರಿಕಲ್‌ದಾಗ ಚಿನ್ನಯ್ಯ ಅಂತ ಒಬ್ಬಾತ ಇದ್ದ. ನನ್ನ ಪೇಶಂಟು. ಚೊಲೋ ಆಗಿದ್ದ, ಕೋಲು ಹಿಡಿದು ನಡೀತಿದ್ದ. ಅವನ ಹೆಂಡತಿ ಕೇಳಿದ್ಲು, ರೊಟ್ಟಿ ಕೊಡಬಹುದೇನು ಅಂತ. ನಾ ಅವಸರದಾಗ ಇದ್ದೆ… ಪೂರಾ ಪರೀಕ್ಷೆ ಮಾಡದ ಕೊಡ್ರಿ ಅಂದೆ. ಮರುದಿನ ಹೋಗೂದ್ರಾಗ…"

ಬೀರೇಶ ಸಮಾಧಾನದ ಮಾತು ಹೇಳಲಿಲ್ಲ. ನಿಮ್ಮ ತಪ್ಪಲ್ಲ ಎನ್ನಲಿಲ್ಲ. ಹತ್ತಿರ ಬಂದು ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತ.

"ಅದಕ್ಕ ಆವತ್ತು ಚಪ್ಪಲಿ ಸುದ್ದಾ ಬಿಡದ ಓಡಿಬಂದ್ರಿ," ಅಂದ. "ನಾ ನಿಮ್ಮನ್ನ ಸೊಕ್ಕಿನಾಕಿ ಅಂದ್ಕೊಂಡಿದ್ದೆ. ಮಾಫ್ ಮಾಡ್ರಿ."

ಆ ಕ್ಷಣ ದೇವಿಕಾಳ ಎದೆಯಲ್ಲಿ ಏನೋ ಸಡಿಲವಾಯಿತು. ಈ ಮನುಷ್ಯನ ಹತ್ತಿರ ಅಳಬಹುದು ಅನ್ನಿಸಿತು. ಹೀಗೆ ಅನ್ನಿಸಿದ ಮೊದಲ ಗಂಡಸು ಅವನು…

ಆದರೆ ಒಳಗಿನಿಂದ ಮತ್ತೆ ಅದೇ ದನಿ. "ಅಖಿಲಾ… ಅಖಿಲಾ…"

ಬೀರೇಶ ತಟ್ಟನೆ ಎದ್ದುಹೋದ.

* * *

ಯಾರು ಈ ಅಖಿಲಾ?

ಬಾಲಮ್ಮನ ಬಾಯಲ್ಲಿ ಬರುತ್ತಿದ್ದುದು ಅದೊಂದೇ ಹೆಸರು. ಪಕ್ಕದ ಮನೆಯ ಪೋಚಮ್ಮನನ್ನು ಕೇಳಿದರೆ, "ಆ ಹೆಸರು ಎತ್ತಬ್ಯಾಡವ್ವಾ, ಈ ಮನ್ಯಾಗ ಬೆಂಕಿ ಬಿದ್ದದ್ದೇ ಅದಕ್ಕ," ಎಂದು ಸೆರಗು ಬಾಯಿಗಿಟ್ಟುಕೊಂಡು ಹೋದಳು.

ಎಂಟನೇ ವಾರ. ದೇವಿಕಾ ಎಂದಿಗಿಂತ ಅರ್ಧ ತಾಸು ಮೊದಲೇ ಬಂದಳು. ಕೈಯಲ್ಲಿ ನಾರಾಯಣಪೇಟದಿಂದ ತಂದ ಊರುಗೋಲು. ಮುಖದಲ್ಲಿ ಒಂದು ಸಂಭ್ರಮ. ಇವತ್ತು ಅವ್ವನನ್ನು ನಡೆಸಬೇಕು! ಅವನು ಹೇಗೆ ನೋಡುತ್ತಾನೋ…

ಹಿತ್ತಲಿನಿಂದ ಬೀರೇಶನ ದನಿ ಕೇಳಿಸಿತು. ಫೋನಿನಲ್ಲಿದ್ದ.

"ಅಳಬ್ಯಾಡ ಅಖಿಲಾ… ನಾ ಅದೀನಲ್ಲ! ಅವ್ವ ಇನ್ನೊಂದಿಷ್ಟು ಸುಧಾರಿಸಲಿ. ಯಾರು ಬ್ಯಾಡಂದ್ರೂ ನಾ ನಿನ್ನ ಈ ಮನಿಗೆ ಕರಕೊಂಡು ಬರ್ತೀನಿ. ಮಾತು ಕೊಟ್ಟೀನಿ, ತಪ್ಪಂಗಿಲ್ಲ."

ದೇವಿಕಾ ನಿಂತಲ್ಲೇ ನಿಂತಳು.

ಎಷ್ಟು ಮೃದುವಾದ ದನಿ! ಇಷ್ಟು ದಿನ ನನ್ನ ಜೊತೆ ಆಡಿದ್ದು ಬರೀ ಗಾಬರಿಯ ಮಾತು. ಪ್ರೀತಿಯ ಮಾತು ಎಂದರೆ ಹೀಗಿರುತ್ತದೆ. ಹುಚ್ಚಿ ನಾನು… ನಮ್ಮಾಕಿ ಅಂತ ಮೊದಲ ದಿನವೇ ಹೇಳಿದ್ದನಲ್ಲ!

ಅವಳು ಒಳಗೆ ಹೋಗಿ ಬಾಲಮ್ಮನ ಮುಂದೆ ಮಂಡಿಯೂರಿ ಕೂತಳು. ಕೇಳಬಾರದೆಂದುಕೊಂಡದ್ದನ್ನು ಕೇಳಿಯೇಬಿಟ್ಟಳು.

"ಅವ್ವಾ… ಅಖಿಲಾ ನಿಮ್ಮ ಸೊಸಿ ಆಗಾಕಿ ಏನು?"

ಬಾಲಮ್ಮ ಅವಳ ಮುಖವನ್ನೇ ನೋಡಿದಳು. "ಹೂಂ," ಅಂದಳು.

ಆ ಹೂಂ ಅನ್ನು ನಂಬಬಾರದು ಎಂದು ಬೀರೇಶನಿಗೆ ಕಲಿಸಿದವಳೇ ದೇವಿಕಾ. ಅದು ಅವಳಿಗೆ ನೆನಪೂ ಆಯಿತು. ಆದರೂ ನೊಂದ ಮನಸ್ಸು ಆ ಒಂದು ಅಕ್ಷರವನ್ನೇ ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟಿತು.

ಅಂದೇ ಡಾಕ್ಟರ್ ಗುರುರಾಜರ ಮುಂದೆ ನಿಂತಳು.

"ಸರ್, ಗದ್ವಾಲದ ಹೊಸ ಕೇಂದ್ರಕ್ಕ ಒಬ್ಬರು ಬೇಕಂದಿದ್ರಿ. ನಾನು ಹೋಗತೀನಿ."

"ಮಕ್ತಲದ ಬಾಲಮ್ಮ ನಿನ್ನ ಕೈಯಾಗ ಇಷ್ಟು ಚೊಲೋ ಆಗ್ಯಾಳ. ಈಗ್ಯಾಕವ್ವಾ?"

"ಇನ್ನು ಬೇರೆ ಯಾರಾದ್ರೂ ನೋಡ್ಕೋಬಹುದು ಸರ್."

ಗದ್ವಾಲ! ಅಖಿಲಾ ಇರುವ ಊರಿಗೇ ಹೋಗುತ್ತಿದ್ದೇನೆ ಎಂಬುದು ಬಸ್ಸು ಜೂರಾಲದ ಅಣೆಕಟ್ಟು ದಾಟುವಾಗ ಹೊಳೆಯಿತು. ಕೃಷ್ಣೆಯ ನೀರು ಎರಡೂ ಕಡೆ ಹೊಳೆಯುತ್ತಿತ್ತು. ದೇವಿಕಾ ಕಣ್ಣು ಮುಚ್ಚಿಕೊಂಡಳು.

ಬೀರೇಶನ ಹನ್ನೊಂದು ಕರೆಗಳಿಗೆ ಅವಳು ಉತ್ತರಿಸಲಿಲ್ಲ. ಒಂದೇ ಒಂದು ಮೆಸೇಜು ಕಳಿಸಿದಳು. "ಹೊಸ ಸಿಸ್ಟರ್‌ನ ಕೇಳಿರಿ. ಅವ್ವನ ಬಿಪಿ ಗುಳಿಗಿ ಒಂದು ದಿನವೂ ತಪ್ಪಿಸಬ್ಯಾಡ್ರಿ."

ಆಮೇಲೆ ಕರೆಗಳು ನಿಂತವು. ಅದೂ ಅವಳಿಗೆ ನೋವಾಯಿತು.

* * *

ಗದ್ವಾಲಕ್ಕೆ ಬಂದು ನಾಲ್ಕನೇ ವಾರ. ಬಾಡಿಗೆ ಕೋಣೆಯಂಥ ಪುಟ್ಟ ಕೇಂದ್ರದಲ್ಲಿ ದೇವಿಕಾ ರೋಗಿಗಳ ಚೀಟಿ ಜೋಡಿಸುತ್ತಿದ್ದಳು. ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಳು. ಇಪ್ಪತ್ತೆರಡು ಇರಬಹುದು. ಕೊರಳಲ್ಲಿ ಹೊಸ ತಾಳಿ. ಐದಾರು ತಿಂಗಳ ಬಸುರಿ. ಬೆರಳುಗಳಿಗೆ ರೇಷ್ಮೆಯ ಬಣ್ಣ ಅಂಟಿತ್ತು.

"ಅಕ್ಕಾ… ದೇವಿಕಾ ಸಿಸ್ಟರ್ ಅಂದ್ರ ನೀವೇನ್ರೀ? ಮಕ್ತಲದಾಗ ಬಾಲಮ್ಮನ್ನ ನೋಡ್ಕೋತಿದ್ದವ್ರು?"

"ಹೌದು. ನೀವು?"

"ನಾ ಅಖಿಲಾ."

ಕೈಯಲ್ಲಿದ್ದ ಚೀಟಿಗಳು ನೆಲಕ್ಕೆ ಚೆಲ್ಲಿದವು. ಇವಳೇ! ತಾಳಿ… ಬಸುರಿ… ಹಾಗಾದರೆ ಮದುವೆಯೂ ಆಗಿಹೋಗಿದೆ…

"ಕೂಡ್ರಿ," ಎಂದಳು ಹೇಗೋ. "ಬೀರೇಶ ಕಳಿಸಿದ್ರೇನು?"

"ಇಲ್ರೀ ಅಕ್ಕಾ. ಅಣ್ಣಗ ಗೊತ್ತಿಲ್ಲ ನಾ ಬಂದದ್ದು."

ಅಣ್ಣ.

ಅಣ್ಣ!

ದೇವಿಕಾ ಕುರ್ಚಿಯ ತೋಳು ಹಿಡಿದುಕೊಂಡಳು. ಮೊದಲು ಉಕ್ಕಿದ್ದು ಸಂತೋಷ. ಅದರ ಹಿಂದೆಯೇ ನಾಚಿಕೆ. ಎದುರಿಗೆ ಒಂದು ಜೀವ ಅಳುತ್ತಿದೆ, ನಾನು ಒಳಗೊಳಗೇ ಕುಣಿಯುತ್ತಿದ್ದೇನಲ್ಲ!

ಅಖಿಲಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹೇಳಿಕೊಂಡಳು. ದೇವಿಕಾ ಗದ್ವಾಲಕ್ಕೆ ಬಂದದ್ದು ಅಣ್ಣನ ಫೋನಿನಿಂದ ಅವಳಿಗೆ ತಿಳಿದಿತ್ತು. ಅವಳ ಗಂಡ ಬಾಲರಾಜ್ ಗದ್ವಾಲದ ನೇಕಾರ, ಬೇರೆ ಜಾತಿ. ಬಾಲಮ್ಮ ಒಪ್ಪಲಿಲ್ಲ. ಬೀರೇಶನೇ ಮುಂದೆ ನಿಂತು, ರಿಜಿಸ್ಟರ್ ಆಫೀಸಿನಲ್ಲಿ ಸಾಕ್ಷಿ ಸಹಿ ಹಾಕಿ ಮದುವೆ ಮಾಡಿಸಿದ. ತಂಗಿ ಗದ್ವಾಲದಲ್ಲಿ ಕೆಲಸಕ್ಕಿದ್ದಾಳೆ ಎಂದು ಹೇಳಿ, ತಿಂಗಳುಗಟ್ಟಲೆ ಅದನ್ನು ಅವ್ವನಿಂದ ಮುಚ್ಚಿಟ್ಟ. ಯಾರೋ ಬಂದು ಬಾಲಮ್ಮನಿಗೆ ಹೇಳಿದ ಮರುದಿನವೇ ಅವಳು ಹಿತ್ತಲಲ್ಲಿ ಬಿದ್ದಳು.

"ಊರೆಲ್ಲ ನನ್ನಿಂದ ಆತು ಅಂತಾರ. ಅಣ್ಣ ತನ್ನಿಂದ ಆತು ಅಂತಾನ. ಅವ್ವ ಈಗಲೂ ನನ್ನ ಹೆಸರು ಹಿಡಿದು ಕರೀತಾಳಂತ. ಅದು ಸಿಟ್ಟೋ, ಪ್ರೀತಿಯೋ ಗೊತ್ತಾಗವಲ್ದು. ನೀವು ಎರಡು ತಿಂಗಳು ಅವ್ವನ ಹತ್ರ ಇದ್ದವ್ರು… ನಿಮಗ ಗೊತ್ತೇನ್ರೀ ಅಕ್ಕಾ?"

ದೇವಿಕಾ ಆ ಹೆಸರನ್ನು ನೂರಾರು ಸಲ ಕೇಳಿದ್ದಳು. ಒಂದು ಸಲವೂ ಬಾಲಮ್ಮನಿಗಾಗಿ ಕೇಳಿರಲಿಲ್ಲ, ತನ್ನ ಹೊಟ್ಟೆಕಿಚ್ಚಿಗಾಗಿ ಕೇಳಿದ್ದಳು.

"ಗೊತ್ತಿಲ್ಲವ್ವಾ," ಎಂದಳು. "ಆದ್ರ ತಿಳಕೋತೀನಿ."

* * *

ಮರುದಿನ ದೇವಿಕಾ ತಾನೇ ಬೀರೇಶನಿಗೆ ಫೋನು ಮಾಡಿ, ಅಖಿಲಾ ಬಂದು ಹೇಳಿದ್ದನ್ನು ತಿಳಿಸಿದಳು.

"ನಿಮಗ ಎಲ್ಲಾ ಗೊತ್ತಾತು ಹಂಗಾದ್ರ," ಅಂದ ಬೀರೇಶ. "ನಾ ಅಂದ್ಕೊಂಡಿದ್ದೆ, ಪೋಚಮ್ಮ ಆವತ್ತೇ ನಿಮಗ ಹೇಳಿರಬೇಕಂತ. ತಾಯಿಗೆ ಲಕ್ವಾ ಹೊಡೆಸಿದ ಮಗ ಅಂತ ಹೇಸಿಕೊಂಡು ಹೋದ್ರಿ ಅಂತ."

"ಅಯ್ಯೋ! ಇಲ್ರೀ… ಕೇಳ್ರಿ ಇಲ್ಲಿ. ಅವ್ವಗ ಮೂರು ವರ್ಷದಿಂದ ಬಿಪಿ ಇತ್ತು. ಆಸ್ಪತ್ರೆ ಚೀಟಿಯಾಗ ಬರದೈತಿ. ಗುಳಿಗಿ ಎರಡು ತಿಂಗಳು ತಗೊಂಡು ಬಿಟ್ಟುಬಿಟ್ಟಿದ್ರು. ಸುದ್ದಿ ಕೇಳಿದ ದಿನ ಸಿಟ್ಟಿಗೆ ಬಿಪಿ ಏರಿರಬಹುದು, ನಾ ಸುಳ್ಳು ಹೇಳಂಗಿಲ್ಲ. ಆದ್ರ ಒಂದು ಸಹಿಗೆ ಲಕ್ವಾ ಹೊಡೆಯಂಗಿಲ್ಲ ಬೀರೇಶ. ಮೂರು ವರ್ಷ ಗುಳಿಗಿ ಬಿಟ್ಟದ್ದಕ್ಕ ಹೊಡೀತು."

ಅವನನ್ನು ಬರೀ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಇಬ್ಬರಿಗೂ ಅದು ಗೊತ್ತಾಯಿತು.

"ಅಖಿಲಾನ ಕರಕೊಂಡು ಬರ್ತೀನಿ," ಎಂದಳು.

"ಬ್ಯಾಡ!" ಅವನ ದನಿ ಒಡೆಯಿತು. "ಆಕೀನ ನೋಡಿ ಅವ್ವಗ ಮತ್ತೊಮ್ಮೆ ಹೊಡದ್ರ? ಆಮ್ಯಾಲೆ ಅಖಿಲಾ ಬದುಕ್ತಾಳೇನು? ಬಸುರಿ ಹೆಂಗಸು…"

"ಡಾಕ್ಟರನ್ನ ಕೇಳೀನಿ. ಬಿಪಿ ಹಿಡಿತದಾಗ ಇದ್ರ ಭೇಟಿ ಮಾಡಿಸಬಹುದು ಅಂದಾರ. ಮೊದಲು ಅವ್ವನ ಮನಸ್ಸು ತಿಳಕೊಳ್ಳೂಣು. ಬ್ಯಾಡಂದ್ರ ಅಖಿಲಾ ಪೋಚಮ್ಮನ ಮನಿಯಿಂದಲೇ ವಾಪಸ್ ಹೋಗ್ತಾಳ."

"ನಿಮಗ ಅಂಜಿಕಿ ಆಗವಲ್ದೇನು?"

"ಆಗತೈತಿ. ಬಾಳ ಆಗತೈತಿ."

ಕೊನೆಗೆ ಅವನು ಸಣ್ಣ ದನಿಯಲ್ಲಿ, "ಬರ್ರಿ," ಎಂದ.

ಭಾನುವಾರ ಮುಂಜಾನೆ ಹತ್ತು ಗಂಟೆ. ಅಖಿಲಾ ಮತ್ತು ಬಾಲರಾಜ್ ಪಕ್ಕದ ಮನೆಯಲ್ಲಿ ಕಾದು ಕೂತಿದ್ದರು. ದೇವಿಕಾ ಬಾಲಮ್ಮನ ತೋಳಿಗೆ ಪಟ್ಟಿ ಸುತ್ತಿದಳು. ಅವಳನ್ನು ಕಂಡು ಬಾಲಮ್ಮನ ಕಣ್ಣು ಅರಳಿದ್ದವು. ಒಂದು ತಿಂಗಳಿಂದ ಉಣ್ಣೆ ಮುಟ್ಟಿರಲಿಲ್ಲವಂತೆ.

ನೂರಾ ಮೂವತ್ತೆರಡು, ಎಂಬತ್ತನಾಲ್ಕು. ಪರವಾಗಿಲ್ಲ.

ದೇವಿಕಾ ಮೂರು ಫೋಟೋಗಳನ್ನು ಮಂಚದ ಮೇಲೆ ಹರಡಿದಳು. ಬೀರೇಶನದು, ಪೋಚಮ್ಮನದು, ಅಖಿಲಾಳದು.

"ಅವ್ವಾ, ಅವಸರ ಇಲ್ಲ. ನೀವು ಕರೆಯೋದು ಯಾರನ್ನ?"

ಬಾಲಮ್ಮನ ಎಡಗೈ ನೇರವಾಗಿ ಅಖಿಲಾಳ ಫೋಟೋ ಎತ್ತಿಕೊಂಡಿತು. ಬಹಳ ಹೊತ್ತು ನೋಡಿದಳು. ತುಟಿ ನಡುಗಿತು. ಮರುಕ್ಷಣ…

ಫೋಟೋವನ್ನು ನೆಲಕ್ಕೆ ಬೀಸಿ ಒಗೆದಳು!

ಬೀರೇಶ ಕಣ್ಣು ಮುಚ್ಚಿದ. "ಬ್ಯಾಡ ಅಂತಾಳ. ನೋಡ್ರಿ, ಮುಖ ಕೆಂಪಾಗೈತಿ… ಸಾಕು ಮಾಡ್ರಿ!"

ದೇವಿಕಾ ಬಾಲಮ್ಮನ ಮುಖ ನೋಡಿದಳು. ನಿಲ್ಲಿಸಬೇಕೆ? ಮರಿಕಲ್‌ದ ಆ ಮನೆ ಕಣ್ಣ ಮುಂದೆ ಬಂತು. ಇನ್ನೊಂದು ತಪ್ಪು ನನ್ನ ಕೈಯಿಂದ ಆಗಿಬಿಟ್ಟರೆ…

ಆದರೂ ಅವಳು ಕೈ ಅಡ್ಡ ಹಿಡಿದಳು. "ತಡೀರಿ. ಅವ್ವ ಇನ್ನೂ ಹೇಳಿ ಮುಗಿಸಿಲ್ಲ."

ಬಾಲಮ್ಮ ಏಳಲು ನೋಡುತ್ತಿದ್ದಳು. ಊರುಗೋಲಿಗೆ ಕೈ ಚಾಚಿದಳು. ಬೀರೇಶ ಹಿಡಿಯಲು ಮುಂದಾದಾಗ ಅವನನ್ನು ಕಣ್ಣಿನಿಂದಲೇ ಗದರಿಸಿದಳು. ನಿಂತಳು. ಬಲಗಾಲು ಎಳೆಯುತ್ತ ಒಂದು ಹೆಜ್ಜೆ… ಇನ್ನೊಂದು… ಬಿದ್ದಿದ್ದ ಫೋಟೋವನ್ನು ದಾಟಿ ಬಾಗಿಲ ಕಡೆಗೆ! ಎಡಗೈಯ ಕೋಲನ್ನು ಹೊಸ್ತಿಲಿಗೆ ಕುಟ್ಟಿ, ಬೀದಿಯ ಕಡೆ ತೋರಿಸಿ, ಗಂಟಲು ಹರಿಯುವಂತೆ ಕೂಗಿದಳು.

"ಅಖಿಲಾ!"

ದೇವಿಕಾಳಿಗೆ ತಟ್ಟನೆ ಅರ್ಥವಾಯಿತು. "ಆಕಿಗೆ ಫೋಟೋ ಬ್ಯಾಡ ಬೀರೇಶ! ಮಗಳು ಬೇಕು!"

ಬೀರೇಶ ಓಡಿದ. ಆದರೆ ಕೂಗು ಅವನಿಗಿಂತ ಮೊದಲು ಮುಟ್ಟಿತ್ತು. ಅಖಿಲಾ ಆಗಲೇ ಅಂಗಳದಲ್ಲಿದ್ದಳು, ಮುಂದೆ ಬರಲು ಧೈರ್ಯವಿಲ್ಲದೆ.

ತಾಯಿ ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಉಬ್ಬಿದ ಹೊಟ್ಟೆಯ ಮೇಲೆ ದೃಷ್ಟಿ ನಿಂತಿತು. ಅಖಿಲಾ ಅಂಜುತ್ತಲೇ ಹೊಸ್ತಿಲ ಬಳಿ ಬಂದಳು. ಬಾಲಮ್ಮ ಕೋಲನ್ನು ಗೋಡೆಗೆ ಆನಿಸಿ ಎಡಗೈ ಎತ್ತಿದಳು. ಅಖಿಲಾಳ ಕೆನ್ನೆಗೆ ಒಂದು ಏಟು! ಮೆಲ್ಲಗೇ, ಆದರೆ ಏಟೇ.

ಆಮೇಲೆ ಅದೇ ಕೈ ಮಗಳ ಕುತ್ತಿಗೆ ಬಳಸಿ ಎದೆಗೆ ಎಳೆದುಕೊಂಡಿತು. ಬಾಲಮ್ಮನ ಬಾಯಿ ಏನನ್ನೋ ಹುಡುಕುತ್ತಿತ್ತು. ಗಂಟಲಿನ ನರ ಉಬ್ಬಿದವು. ತುಟಿ ಸೇರಿದವು, ಬಿಟ್ಟವು.

"ಉಂ… ಉಂಡ್ಯಾ?"

ಹತ್ತು ದಿನ ಆಸ್ಪತ್ರೆ, ಮೂರು ತಿಂಗಳು ಮನೆ. ಅಷ್ಟು ಕಾಲದ ನಂತರ, ಹೂಂ ಬಿಟ್ಟರೆ, ಬಾಲಮ್ಮ ಆಡಿದ ಎರಡನೇ ಮಾತು ಅದು. ಹೊಟ್ಟೆಯಲ್ಲಿ ಕೂಸು ಹೊತ್ತು ಬಂದ ಮಗಳು ಉಂಡಳೋ ಇಲ್ಲವೋ!

"ಇಲ್ಲವ್ವಾ… ಉಂಡಿಲ್ಲ…" ಅಖಿಲಾ ಬಿಕ್ಕಿ ಬಿಕ್ಕಿ ಅತ್ತಳು.

ಬಾಲಮ್ಮ ಅಳಿಯನ ಕಡೆ ತಿರುಗಿಯೂ ನೋಡಲಿಲ್ಲ. ಬಾಲರಾಜ್ ಬೇಲಿಯ ಹತ್ತಿರವೇ ನಿಂತಿದ್ದ. ಸ್ವಲ್ಪ ಹೊತ್ತಾದ ಮೇಲೆ ಪೋಚಮ್ಮ ಅವನನ್ನು ಕರೆದು ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟಳು. ಅದಕ್ಕೆ ಬಾಲಮ್ಮ ಅಡ್ಡ ಬರಲಿಲ್ಲ. ಆ ದಿನಕ್ಕೆ ಅಷ್ಟು ಸಾಕಾಗಿತ್ತು.

ದೇವಿಕಾ ಮತ್ತೆ ಬಿಪಿ ನೋಡಿದಳು. ನೂರಾ ನಲವತ್ತೆಂಟು. ಕಾಲು ತಾಸು ಬಿಟ್ಟು ಮತ್ತೆ ನೋಡಿದಳು. ನೂರಾ ಮೂವತ್ತಾರು. ಆಗಷ್ಟೇ ಅವಳು ಹಿತ್ತಲಿಗೆ ಹೋಗಿ ಬೇವಿನ ಮರದ ಬುಡದಲ್ಲಿ ಕೂತುಬಿಟ್ಟಳು.

ಬೀರೇಶ ಹಿಂದೆಯೇ ಬಂದ.

"ಒಂದು ಕೇಳಬೇಕಿತ್ತು. ನಾ ಏನು ತಪ್ಪು ಮಾಡಿದ್ದೆ ಅಂತ ಹೇಳದ ಹೋದ್ರಿ?"

ಸುಳ್ಳು ಹೇಳಲು ಅವಳಲ್ಲಿ ಶಕ್ತಿ ಉಳಿದಿರಲಿಲ್ಲ.

"ತಪ್ಪು ನಂದು. ನೀವು ಫೋನ್‌ನ್ಯಾಗ ಅಖಿಲಾನ ಮನಿಗೆ ಕರಕೊಂಡು ಬರ್ತೀನಿ ಅನ್ನೋದು ಕೇಳಿದೆ. ನಿಮ್ಮ ಹೆಂಡತಿ ಆಗಾಕಿ ಅಂದ್ಕೊಂಡೆ. ನೋಡಿಕೋತ ಇಲ್ಲಿ ಇರಾಕ ಆಗಲಿಲ್ಲ."

ಬೀರೇಶ ಕಣ್ಣರಳಿಸಿದ. "ಯಾಕ ಆಗಲಿಲ್ಲ?"

"ಅದನ್ನೂ ನನ್ನ ಬಾಯಿಂದಲೇ ಹೇಳಿಸ್ತೀರೇನು?" ದೇವಿಕಾಳ ಕಣ್ಣು ತುಂಬಿ ಬಂದವು.

ಅವನು ಅವಳ ಎದುರಿಗೆ ನೆಲದ ಮೇಲೆ ಕೂತ. ಕುರಿಮರಿಗಳನ್ನು ಹಿಡಿದು ಒರಟಾದ ಆ ಕೈಗಳನ್ನು ಏನು ಮಾಡುವುದೆಂದು ಅವನಿಗೆ ತಿಳಿಯಲಿಲ್ಲ. ಮಣ್ಣಿನಲ್ಲಿ ಗೀರು ಎಳೆದ.

"ಬ್ಯಾಡ. ನಾನೇ ಹೇಳತೀನಿ. ದಿನಾ ಫೋನ್ ಮಾಡ್ತಿದ್ದೆನಲ್ಲ… ಅರ್ಧ ಅವ್ವನ ಫಿಕರಿಗೆ. ಇನ್ನರ್ಧ ನಿಮ್ಮ ದನಿ ಕೇಳಾಕ. ನಿಮ್ಮ ದನಿ ಕೇಳಿದ್ರ ನನ್ನ ಕೈ ನಡುಗೋದು ನಿಲ್ಲತಿತ್ತು. ನೀವು ಹೋದಮ್ಯಾಲೆ ಅವ್ವಗ ಉಣಿಸೋವಾಗ ದಿನಾ ಗೋಡಿ ಮ್ಯಾಲಿನ ಅಕ್ಷರ ನೋಡಿಕೋತ ಕೂಡತಿದ್ದೆ. ಅವು ನೀವು ಹೇಳಿದ ಮಾತು ಅಂತ."

ದೇವಿಕಾ ಅಳುತ್ತಲೇ ನಕ್ಕಳು.

"ನಾ ಕೆಲಸ ಬಿಡಂಗಿಲ್ಲ," ಎಂದಳು.

"ಬಿಡ್ರಿ ಅಂತ ಯಾರು ಅಂದ್ರು? ನಿಮ್ಮ ದಾರಿ ಕಾಯೋ ಅವ್ವಂದಿರು ಎಷ್ಟು ಮಂದಿ ಅದಾರ! ನಾರಾಯಣಪೇಟಕ್ಕ ಬಂದು ನಿಮ್ಮ ಮನ್ಯಾಗ ಕೇಳತೀನಿ. ಅವ್ವ ಬಸ್ ಹತ್ತೋ ಅಷ್ಟು ಸುಧಾರಿಸಿದ ಕೂಡ್ಲೆ, ಆಕೀನೂ ಕರಕೊಂಡು. ಈ ಸಲ ಅವ್ವಗ ಮುಚ್ಚಿಟ್ಟು ಏನೂ ಮಾಡಂಗಿಲ್ಲ."

ಒಳಗಿನಿಂದ ಅಖಿಲಾಳ ಮಾತು ಕೇಳಿಸುತ್ತಿತ್ತು. ತಾಯಿಗೆ ಒಂದೊಂದೇ ಚಮಚೆ ಉಣಿಸುತ್ತಿದ್ದಳು. ದೇವಿಕಾಳ ಕಿವಿ ತನ್ನಿಂದ ತಾನೇ ಅತ್ತ ಹೊರಳಿತು… ಕೆಮ್ಮು ಬಂತೇ? ಇಲ್ಲ.

"ಬೀರೇಶ… ಅವ್ವಗ ಮತ್ತೊಮ್ಮೆ ಬರಂಗಿಲ್ಲ ಅಂತ ನಾ ಮಾತು ಕೊಡಾಕ ಆಗಂಗಿಲ್ಲ. ಗುಳಿಗಿ ತಗೊಂಡ್ರೂ ಒಮ್ಮೊಮ್ಮೆ ಬರತೈತಿ. ನಂಗ ಯಾವಾಗಲೂ ಅಂಜಿಕಿ ಇರತೈತಿ. ನಾ ಇಂಥಾಕಿ."

"ನಂಗೂ ಇರತೈತಿ," ಅಂದ ಅವನು. ಅಂಗೈ ಮೇಲೆ ಮಾಡಿ ಅವಳ ಮುಂದೆ ಚಾಚಿದ. "ಇನ್ನ ಮುಂದ ಇಬ್ಬರೂ ಕೂಡೇ ಅಂಜೂಣು. ನಡೀತೈತೇನು?"

ದೇವಿಕಾ ಆ ಅಂಗೈಯಲ್ಲಿ ತನ್ನ ಕೈಯಿಟ್ಟಳು.

"ನಡೀತೈತಿ."